ಗಾಡಿ ಮಾತು: ಇಂಜಿನ್ ಬಿಚ್ಚುವ ಮೊದಲು ಬರೆಸಿಕೊಳ್ಳಿ

ಪ್ರಶ್ನೆ: ಸರ್, ಹಾಸನದಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಮನೆ ಬಳಕೆಗೆ ಅಂತ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2016ರ ಡೀಸೆಲ್ ಕಾರು ತಗೊಂಡೆ. 4.65 ಲಕ್ಷ ಕೊಟ್ಟೆ, ಅದರಲ್ಲಿ 3 ಲಕ್ಷ ಬ್ಯಾಂಕ್ ಸಾಲ. ಟ್ರಯಲ್ ನೋಡಿದಾಗ ಏನೂ ತೊಂದರೆ ಕಾಣಲಿಲ್ಲ. ಎರಡನೇ ವಾರ ಮನೆಯವರ ಜೊತೆ ಕುಕ್ಕೆಗೆ ಹೋದೆವು. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್‌ನಿಂದ ಹಬೆ ಬಂತು. ಟೋ ಮಾಡಿಸಿಕೊಂಡು ಬರಬೇಕಾಯಿತು. ಇಲ್ಲಿನ ಮೆಕ್ಯಾನಿಕ್ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ತೆಗೆದು ನೋಡಿ, ‘ಥರ್ಮೋಸ್ಟಾಟ್ ವಾಲ್ವೇ ಇಲ್ಲ, ಯಾರೋ ಕಿತ್ತು ಹಾಕಿದ್ದಾರೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ನಾಳೆಯೇ ಹೆಡ್ ಇಳಿಸೋಣ, 45ರಿಂದ 50 ಸಾವಿರ ಆಗುತ್ತೆ’ ಅಂದರು. ಆರು ತಿಂಗಳು ಇಂಜಿನ್ ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ್ದ ಡೀಲರ್ ಈಗ, ‘ಇದ್ದ ಸ್ಥಿತಿಯಲ್ಲಿ ತಗೊಂಡಿದ್ದೇನೆ ಅಂತ ಸಹಿ ಹಾಕಿದ್ದೀರಲ್ಲ’ ಅನ್ನುತ್ತಾರೆ. ಬಿಲ್ ಕೇಳಿದ್ದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಕೊಡಬೇಕು ಅಂದಿದ್ದರು, ಹಾಗಾಗಿ ನನ್ನ ಹತ್ತಿರ ಇರುವುದು ಹಣ ಕೊಟ್ಟ ರಸೀದಿ ಮತ್ತು ಡೆಲಿವರಿ ನೋಟ್ ಮಾತ್ರ. ಏನು ಮಾಡಲಿ? ಬ್ಯಾಂಕ್ ಕಂತು ನಿಲ್ಲಿಸಲೇ?
ಹಾಸನದ ಓದುಗ

ಉತ್ತರ: ನಾಳೆ ಹೆಡ್, ಅಂದರೆ ಇಂಜಿನ್‌ನ ಮೇಲಿನ ಭಾಗ, ಇಳಿಸಬೇಡಿ. ಮೆಕ್ಯಾನಿಕ್‌ಗೆ ಈಗಲೇ ಹೇಳಿ. ಗಾಡಿ ಸ್ಟಾರ್ಟ್ ಕೂಡ ಮಾಡುವುದು ಬೇಡ. ನಿಮಗೆ ಫೋನಿನಲ್ಲೂ ಇದನ್ನೇ ಹೇಳಿದ್ದೇನೆ. ಇಂಥದೇ ಕಷ್ಟದಲ್ಲಿ ಬೇರೆಯವರೂ ಇರುತ್ತಾರೆ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ (ಗಾಡಿಯ ತೊಂದರೆ, ಮಾಡುವ ಕೆಲಸ ದಾಖಲಿಸುವ ಹಾಳೆ) ಬರೆಯುತ್ತಾ ದುಡಿದವನು ನಾನು. ನ್ಯಾಯ ತಮ್ಮ ಕಡೆ ಇದ್ದರೂ ಜನ ಸೋಲುವುದನ್ನು ನೋಡಿದ್ದೇನೆ. ಮುಖ್ಯ ಕಾರಣ ಒಂದೇ, ಅವಸರದಲ್ಲಿ ಇಂಜಿನ್ ಬಿಚ್ಚಿಸಿರುತ್ತಾರೆ. ಒಮ್ಮೆ ಹೆಡ್ ಇಳಿದರೆ ಅದರ ಕೆಳಗೆ ಸೀಲ್‌ನಂತೆ ಕೂರುವ ಹಳೇ ಗ್ಯಾಸ್ಕೆಟ್ ಹೇಗಿತ್ತು, ವಾಲ್ವ್ ಇತ್ತೋ ಇಲ್ಲವೋ ಎಂಬುದೆಲ್ಲ ನಿಮ್ಮ ಮೆಕ್ಯಾನಿಕ್ ಬಾಯಿಮಾತಾಗಿ ಉಳಿಯುತ್ತದೆ. ಡೀಲರ್ ಆರಾಮಾಗಿ, ‘ವಾಲ್ವ್ ತೆಗೆದದ್ದು ನಿಮ್ಮ ಮೆಕ್ಯಾನಿಕ್ಕೇ’ ಅಂದುಬಿಡಬಹುದು. ಆಗ ಏನು ತೋರಿಸುತ್ತೀರಿ?

ಆ ವಾಲ್ವ್ ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ಥರ್ಮೋಸ್ಟಾಟ್ ಅಂದರೆ ಇಂಜಿನ್‌ಗೂ ರೇಡಿಯೇಟರ್‌ಗೂ ನಡುವಿನ ಸಣ್ಣ ಬಾಗಿಲು. ಇಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ. ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಸುಮಾರು 80ರಿಂದ 90 ಡಿಗ್ರಿಗೆ ಬಂದಾಗ ತೆರೆದುಕೊಳ್ಳುತ್ತದೆ. ಗಾಡಿ ಹೀಟ್ ಆಗುತ್ತಿದೆ ಅಂದಾಗ ಕೆಲವು ಗ್ಯಾರೇಜುಗಳಲ್ಲಿ ಕಾರಣ ಹುಡುಕುವ ಬದಲು ಈ ವಾಲ್ವನ್ನೇ ಕಿತ್ತು ಹಾಕುತ್ತಾರೆ. ಆಮೇಲೆ ಕೂಲಂಟ್ ಯಾವಾಗಲೂ ರೇಡಿಯೇಟರ್ ಮೂಲಕವೇ ಸುತ್ತುತ್ತದೆ. ಊರೊಳಗಿನ ಸಮತಟ್ಟು ರಸ್ತೆಯಲ್ಲಿ, ಹದಿನೈದು ನಿಮಿಷದ ಟ್ರಯಲ್‌ನಲ್ಲಿ ಮುಳ್ಳು ಮೇಲೆ ಏಳುವುದೇ ಇಲ್ಲ. ಗಾಡಿ ತುಂಬ ಜನ ಕೂತು, ಎಸಿ ಹಾಕಿಕೊಂಡು, ಸೆಕೆಂಡ್ ಗೇರಿನಲ್ಲಿ ಘಾಟಿ ಹತ್ತಿದಾಗ ಒಳಗಿನ ರೋಗ ಹೊರಗೆ ಬರುತ್ತದೆ. ನಿಮಗೆ ಆದದ್ದು ಇದೇ ಇರಬೇಕು. ವಾಲ್ವ್ ತೆಗೆದದ್ದು ಡೀಲರೇ ಅಂತ ನಾನು ಹೇಳಲಾರೆ. ಹಿಂದಿನ ಮಾಲೀಕರ ಕಾಲದಲ್ಲೇ ಹೋಗಿರಬಹುದು. ಆದರೆ ಗಾಡಿ ಮಾರುವುದನ್ನೇ ಕಸುಬು ಮಾಡಿಕೊಂಡವರು ಇಂಜಿನ್‌ಗೆ ಗ್ಯಾರಂಟಿ ಹೇಳುವ ಮುನ್ನ ಇಷ್ಟನ್ನಾದರೂ ನೋಡಿರಬೇಕಲ್ವಾ?

ಈಗ ಮಾಡಬೇಕಾದದ್ದು. ಗಾಡಿಯ ನಂಬರ್ ಪ್ಲೇಟಿನಿಂದ ಶುರು ಮಾಡಿ, ಚಾಸಿ ನಂಬರ್, ಮೀಟರಿನ ಕಿಲೋಮೀಟರ್, ಖಾಲಿ ಹೌಸಿಂಗ್, ಆಯಿಲ್ ಕ್ಯಾಪಿನ ಒಳಭಾಗ, ಕೂಲಂಟ್ ಡಬ್ಬಿ, ಎಲ್ಲವನ್ನೂ ನಡುವೆ ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ತೆಗೆಯಿರಿ. ಕ್ಯಾಪಿನ ಒಳಗೆ ಹಾಲು ಬೆರೆತಂಥ ಬಣ್ಣದ ನೊರೆ ಕಂಡರೆ ಆಯಿಲ್‌ಗೆ ನೀರು ಸೇರಿದೆ ಎಂದೇ ಅನುಮಾನ. ಆಮೇಲೆ ಗಾಡಿಯನ್ನು ಟೋ ಮಾಡಿಸಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಕಳಿಸಿ. ಕೂಲಿಂಗ್ ಸಿಸ್ಟಮ್‌ನ ಪ್ರೆಶರ್ ಟೆಸ್ಟ್ ಮಾಡಿ, ಕೂಲಂಟ್‌ನಲ್ಲಿ ಹೊಗೆ ಅನಿಲ ಸೇರಿದೆಯಾ ಅಂತ ನೋಡಿ, ಕಂಡದ್ದನ್ನು ಜಾಬ್ ಕಾರ್ಡಿನಲ್ಲೇ ಬರೆದುಕೊಡಿ ಅಂತ ಕೇಳಿ. ‘ಓವರ್ ಹೀಟಿಂಗ್ ಕಂಪ್ಲೇಂಟ್’ ಅಂತ ಒಂದು ಸಾಲು ಗೀಚಿ ಕೊಟ್ಟರೆ ಒಪ್ಪಬೇಡಿ. ‘ಥರ್ಮೋಸ್ಟಾಟ್ ಇಲ್ಲ’ ಎಂಬ ಮಾತು ಅದರಲ್ಲಿ ಇರಲೇಬೇಕು. ಟೋಯಿಂಗ್‌ಗೂ ಟೆಸ್ಟಿಗೂ ಕೆಲವು ಸಾವಿರ ಖರ್ಚಾಗುತ್ತದೆ. ಆ ಬಿಲ್ಲುಗಳನ್ನೂ ಇಟ್ಟುಕೊಳ್ಳಿ.

ಅದೇ ದಿನ ಡೀಲರ್‌ಗೆ ವಾಟ್ಸ್ಆ್ಯಪ್ ಮತ್ತು ಇಮೇಲ್ ಎರಡರಲ್ಲೂ ಬರೆಯಿರಿ. ಸಿಟ್ಟು ಬೇಡ, ಬೈಗುಳ ಬೇಡ. ಗಾಡಿ ಯಾವಾಗ ಕೊಂಡದ್ದು, ಎಲ್ಲಿ ನಿಂತಿತು, ಈಗ ಯಾವ ಸರ್ವಿಸ್ ಸೆಂಟರಿನಲ್ಲಿದೆ ಅಂತ ತಿಳಿಸಿ. ‘ಒಂದು ವಾರದೊಳಗೆ ನಿಮ್ಮ ಕಡೆಯವರನ್ನು ಕಳಿಸಿ, ಅವರ ಮುಂದೆಯೇ ಇಂಜಿನ್ ಬಿಚ್ಚಿಸೋಣ’ ಅನ್ನಿ. ಆರು ತಿಂಗಳ ಗ್ಯಾರಂಟಿ ಮಾತನ್ನೂ ಅದರಲ್ಲೇ ನೆನಪಿಸಿ. ಅವರು ಅಲ್ಲಗಳೆಯದೆ ಬೇರೇನೋ ಉತ್ತರ ಕೊಟ್ಟರೂ ನಿಮ್ಮ ಬಾಯಿಮಾತಿಗೆ ಒಂದು ಸಾಕ್ಷಿ ಸಿಕ್ಕಿದಂತೆ. ಕೊಳ್ಳುವಾಗ ನೋಡಿದ ಜಾಹೀರಾತು ಇನ್ನೂ ಇದ್ದರೆ ಇವತ್ತೇ ಸ್ಕ್ರೀನ್‌ಶಾಟ್ ತೆಗೆಯಿರಿ. ನಾಳೆ ಇರದೇ ಹೋಗಬಹುದು.

‘ಇದ್ದ ಸ್ಥಿತಿಯಲ್ಲಿ’ ಅಂತ ಸಹಿ ಹಾಕಿದೆನಲ್ಲ ಅಂತ ಹೆದರಬೇಡಿ. ಕಣ್ಣಿಗೆ ಕಾಣುವ ಗೀರು, ಸವೆದ ಟೈರಿಗೆ ಆ ಸಾಲು ಅನ್ವಯಿಸುತ್ತದೆ. ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ದಕ್ಕೆ ಅದು ರಕ್ಷಣೆ ಆಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯೂ ಕೊಳ್ಳುವವನು ಪರೀಕ್ಷಿಸಿದಾಗ ಕಾಣಬೇಕಿದ್ದ ದೋಷ ಮತ್ತು ಕಾಣದ ದೋಷಕ್ಕೆ ವ್ಯತ್ಯಾಸ ಮಾಡುತ್ತದೆ. ಹೌಸಿಂಗ್ ಒಳಗಿನ ವಾಲ್ವ್ ಯಾವ ಗಿರಾಕಿಗೆ ಕಾಣುತ್ತದೆ ಹೇಳಿ?

ಇನ್ನು ಕೆಲವರು ‘ನಾವು ಬರೀ ಮಧ್ಯವರ್ತಿ, ಮಾರಿದವರು ಹಳೇ ಮಾಲೀಕರು’ ಅಂತ ಜಾರಿಕೊಳ್ಳಲು ನೋಡುತ್ತಾರೆ. ನಿಮ್ಮ ರಸೀದಿ ಅವರ ಸಂಸ್ಥೆಯ ಹೆಸರಿನಲ್ಲಿದ್ದರೆ, ಹಣ ಅವರ ಖಾತೆಗೆ ಹೋಗಿದ್ದರೆ ಆ ಮಾತು ನಿಲ್ಲುವುದು ಕಷ್ಟ. ಜೊತೆಗೆ, 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಹಳೇ ವಾಹನ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕರು ಅವರ ಕೈಗೆ ಗಾಡಿ ಒಪ್ಪಿಸಿದಾಗ ಅದನ್ನು ಆರ್‌ಟಿಓಗೆ ತಿಳಿಸಬೇಕು. ಮುಂದಕ್ಕೆ ಮಾರುವವರೆಗೆ ಆ ಡೀಲರನ್ನೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ. ಆ ಪತ್ರದ ಪ್ರತಿ ಕೊಡಿ ಅಂತ ನಿಮ್ಮ ಇಮೇಲ್‌ನಲ್ಲೇ ಕೇಳಿ.

ಬಿಲ್ ವಿಚಾರದಲ್ಲಿ ನಿಮಗೆ ತಪ್ಪು ಹೇಳಿದ್ದಾರೆ. ಈ ಮಾತಿನಿಂದ ಎಷ್ಟೋ ಜನ ಬಿಲ್ ಬಿಟ್ಟುಕೊಡುತ್ತಾರೆ, ನನಗೆ ಬೇಸರ ಆಗುವುದು ಅದಕ್ಕೇ. 2025ರ ಜನವರಿಯಿಂದ ಹಳೇ ಕಾರಿಗೆ 18 ಪರ್ಸೆಂಟ್ ಜಿಎಸ್‌ಟಿ ಇರುವುದು ನಿಜ. ಅದು ಸಾಮಾನ್ಯವಾಗಿ ಡೀಲರ್ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ. ಅವರು 4.20 ಲಕ್ಷಕ್ಕೆ ಕೊಂಡು ನಿಮಗೆ 4.65 ಲಕ್ಷಕ್ಕೆ ಮಾರಿದ್ದರೆ ತೆರಿಗೆ 45 ಸಾವಿರದ ಮೇಲೆ, ಅಂದರೆ 8,100 ರೂಪಾಯಿ. ನಿಮ್ಮನ್ನು ಹೆದರಿಸಿದ ಹಾಗೆ ಪೂರ್ತಿ ಬೆಲೆಯ ಮೇಲೆ 80 ಸಾವಿರ ಚಿಲ್ಲರೆ ಅಲ್ಲ.

ಡೀಲರ್ ಒಪ್ಪದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಊರಿನಲ್ಲೇ, ಅಂದರೆ ಹಾಸನದಲ್ಲೇ ದೂರು ಕೊಡಬಹುದು. ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗೆ ಇರುವುದರಿಂದ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ, ನೀವೇ ವಾದಿಸಬಹುದು. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆಯೂ ಇದೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಹಿಡಿಯಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಅಲ್ಲಿಯವರೆಗೆ ಗಾಡಿ ಸುಮ್ನೆ ನಿಲ್ಲಿಸಬೇಕಾ? ಬೇಡ. ನೀವು ಕೊಟ್ಟ ಗಡುವು ಮುಗಿದು, ಅವರ ಕಡೆಯಿಂದ ಯಾರೂ ಬರದಿದ್ದರೆ ರಿಪೇರಿ ಮಾಡಿಸಿ. ತೆಗೆದ ಗ್ಯಾಸ್ಕೆಟ್ ಮತ್ತು ಹಳೇ ಪಾರ್ಟ್‌ಗಳನ್ನು ಚೀಲದಲ್ಲಿ ಕಟ್ಟಿ ಇಡಿ. ಬರೀ ಗ್ಯಾಸ್ಕೆಟ್ ಬದಲಿಸಿ ಮುಗಿಸಲು ಬಿಡಬೇಡಿ. ಹೀಟ್ ಆದ ಹೆಡ್ ಬೆಂಡ್ ಆಗಿರಬಹುದು. ಲೇತ್‌ಗೆ ಕಳಿಸಿ ಚೆಕ್ ಮಾಡಿಸಿ, ಬೇಕಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮೇಲ್ಮೈ ಉಜ್ಜಿ ಸಮ ಮಾಡಿಸಿ. ಮೊದಲು ಹೀಟ್ ಆಗಲು ಕಾರಣ ರೇಡಿಯೇಟರೋ, ಫ್ಯಾನೋ, ವಾಟರ್ ಪಂಪೋ ಅಂತಲೂ ನೋಡಲೇಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಉಳಿಯುವುದಿಲ್ಲ.

ಡೀಲರ್ ‘ಅರ್ಧ ಕೊಡುತ್ತೇನೆ’ ಅಂದರೆ? ಮುಳ್ಳು ಕೆಂಪಿಗೆ ಹೋದ ತಕ್ಷಣ ನಿಲ್ಲಿಸಿದಿರಾ, ಇನ್ನೂ ಒಂದೆರಡು ಕಿಲೋಮೀಟರ್ ಓಡಿಸಿದಿರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಓಡಿಸಿದ್ದರೆ ನಿಮ್ಮ ವಾದದಲ್ಲಿ ಅದೊಂದು ದುರ್ಬಲ ಜಾಗ, ಅವರು ಅದನ್ನೇ ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪಾರ್ಟ್ಸ್ ಪೂರ್ತಿ ಅವರದು, ಕೂಲಿ ನಿಮ್ಮದು ಎಂಬಲ್ಲಿಗೆ ಬಂದರೂ ಒಪ್ಪಬಹುದು. ಆದರೆ ನೀವು ಒಪ್ಪಿದ ಗ್ಯಾರೇಜಿನಲ್ಲೇ ಕೆಲಸ ಆಗಬೇಕು, ಮಾತೆಲ್ಲ ಬರಹದಲ್ಲಿರಬೇಕು. ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಗಾಡಿ ಮತ್ತೊಮ್ಮೆ ಘಾಟಿ ಹತ್ತುವ ಮೊದಲು ಸಹಿ ಹಾಕಬೇಡಿ.

ಕಂತು ಮಾತ್ರ ನಿಲ್ಲಿಸಬೇಡಿ. ಜಗಳ ಇರುವುದು ಡೀಲರ್ ಜೊತೆ. ಕಂತು ತಪ್ಪಿದರೆ ನಿಮ್ಮ ಸಾಲದ ದಾಖಲೆ ಕೆಡುತ್ತದೆ.

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಲ್ಲಿ ಶಾಲಾ ಶಿಕ್ಷಕಿ. ಡೀಲರ್ ಕಡೆಯಿಂದ 2017ರ ಪೆಟ್ರೋಲ್ ಕಾರು ಕೊಂಡು ಒಂದು ತಿಂಗಳಾಗಿದೆ. ಮೀಟರ್‌ನಲ್ಲಿ 38 ಸಾವಿರ ಚಿಲ್ಲರೆ ಕಿಲೋಮೀಟರ್. ಈಗ ಕ್ಲಚ್ ಪೂರ್ತಿ ಹೋಗಿದೆ. ‘ಕ್ಲಚ್ ಸವೆಯೋ ಸಾಮಾನ್ರೀ ಮೇಡಂ, ಅದಕ್ಕ ಗ್ಯಾರಂಟಿ ಇರಂಗಿಲ್ಲ’ ಅನ್ನುತ್ತಾರೆ. ಇದು ಸರಿಯೇ?
ಹುಬ್ಬಳ್ಳಿಯ ಓದುಗಿ

ಉತ್ತರ: ಕ್ಲಚ್ ಮಟ್ಟಿಗೆ ಅವರ ಮಾತು ಸರಿ ಮೇಡಂ. ಕ್ಲಚ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರ್ ಇವು ಸವೆಯಲೆಂದೇ ಇರುವಂಥವು. ಹಳೇ ಗಾಡಿಯಲ್ಲಿ ಇವುಗಳ ಖರ್ಚು ಕೊಂಡವರದೇ. ಇದಕ್ಕಾಗಿ ಆಯೋಗಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ.

ನನಗೆ ಅನುಮಾನ ಇರುವುದು ಆ 38 ಸಾವಿರದ ಮೇಲೆ. ನೆಟ್ಟಗೆ ಓಡಿಸಿದರೆ ಕ್ಲಚ್ ಇದರ ಎರಡರಷ್ಟು ಓಡುವುದು ಸಾಮಾನ್ಯ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಕೈಯಲ್ಲಿ ಬೇಗ ಹೋಗುತ್ತದೆ, ಅದೂ ನಿಜ. ಹಾಗಾಗಿ ಪೆಡಲ್ ನೋಡಿ. ರಬ್ಬರಿನ ಗೆರೆಗಳು ಅಳಿಸಿ ನುಣ್ಣಗಾಗಿವೆಯೇ? ಸ್ಟೇರಿಂಗ್ ಮೇಲ್ಭಾಗ, ಗೇರ್ ನಾಬ್ ಹೊಳೆಯುತ್ತಿವೆಯೇ? ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 3021 ಅಂತಿದ್ದರೆ 2021ರ 30ನೇ ವಾರ ತಯಾರಾದ ಟೈರ್. ನಾಲ್ಕೂ ಟೈರ್ 2021ರವಾದರೆ ಗಾಡಿಯ ಮೊದಲ ಸೆಟ್ ಆಗಲೇ ಸವೆದು ಹೋಗಿತ್ತಾ ಅಂತ ಯೋಚಿಸಬೇಕಾಗುತ್ತದೆ. ಇವೆಲ್ಲ ಬರೀ ಸುಳಿವು. ಪುರಾವೆ ಬೇಕೆಂದರೆ ಆರ್‌ಸಿ ತಗೊಂಡು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಚಾಸಿ ನಂಬರ್ ಕೊಟ್ಟು ಸರ್ವಿಸ್ ಹಿಸ್ಟರಿ ಕೇಳಿ. ಪ್ರತಿ ಸಲದ ತಾರೀಖು ಮತ್ತು ಕಿಲೋಮೀಟರ್ ಅದರಲ್ಲಿ ಇರುತ್ತದೆ. 2021ರಲ್ಲೇ 60 ಸಾವಿರ ಅಂತಿದ್ದು ಈಗ 38 ಸಾವಿರ ಆಗಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತಲೇ ಅರ್ಥ. ಕೆಲವು ಗಾಡಿಗಳಲ್ಲಿ ಕಿಲೋಮೀಟರ್ ಲೆಕ್ಕ ಬೇರೆ ಕಂಪ್ಯೂಟರ್ ಪೆಟ್ಟಿಗೆಗಳಲ್ಲೂ ಉಳಿದಿರುತ್ತದೆ, ಸ್ಕ್ಯಾನರ್ ಹಾಕಿದರೆ ಕಾಣುತ್ತದೆ.

ಮೀಟರ್ ತಿರುಗಿಸಿದ್ದು ಹೌದಾದರೆ ಮಾತು ಕ್ಲಚ್‌ನ ಎಂಟೋ ಹತ್ತೋ ಸಾವಿರಕ್ಕೆ ನಿಲ್ಲುವುದಿಲ್ಲ. ಕಡಿಮೆ ಓಡಿದ ಗಾಡಿ ಅಂತ ನಂಬಿಸಿ ಜಾಸ್ತಿ ಬೆಲೆ ತಗೊಂಡಿದ್ದಾರೆ. ಹಿಂದಿನವರು ತಿರುಗಿಸಿದ್ದರೂ ಆ ಸಂಖ್ಯೆಯನ್ನು ಹಾಕಿ ಜಾಹೀರಾತು ಕೊಟ್ಟದ್ದು ಈ ಡೀಲರೇ ತಾನೆ? ಗಾಡಿ ವಾಪಸ್ ತಗೊಳ್ಳಿ ಅಥವಾ ಬೆಲೆಯ ವ್ಯತ್ಯಾಸ ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ಮೇಲೆ ಹಾಸನದವರಿಗೆ ಹೇಳಿದ ದಾರಿಯೇ ನಿಮಗೂ.

ಪ್ರಶ್ನೆ: ಮುಂದಿನ ವಾರ ಬೆಂಗಳೂರಿನಲ್ಲಿ ಹಳೇ ಕಾರು ನೋಡಲು ಹೋಗುತ್ತಿದ್ದೇನೆ. ಮೆಕ್ಯಾನಿಕ್ ಜೊತೆಗಿಲ್ಲ. ಏನು ನೋಡಲಿ?
ಉಡುಪಿಯ ಓದುಗ

ಉತ್ತರ: ಮೆಕ್ಯಾನಿಕ್ ಇಲ್ಲದೆ ಹಣ ಕೊಡಬೇಡಿ. ಬೆಂಗಳೂರಿನಲ್ಲೇ ಕಂಪನಿ ಸರ್ವಿಸ್ ಸೆಂಟರಿಗೆ ಗಾಡಿ ತಗೊಂಡು ಹೋಗಿ ಚೆಕ್ ಮಾಡಿಸಿ. ಡೀಲರ್ ಒಪ್ಪದಿದ್ದರೆ ಬೇರೆ ಗಾಡಿ ನೋಡಿ.

ನೀವೇ ನೋಡಬಹುದಾದದ್ದೂ ಇದೆ. ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಾಗುವವರೆಗೆ ಕಾಯಿರಿ. ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲ ಅಂದರೆ ದೀಪವನ್ನೇ ತೆಗೆದಿರಬಹುದು. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದೆಯಾ ನೋಡಿ, ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯಾ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಮಳೆನೀರಿನಲ್ಲಿ ಬಹಳ ಕಾರುಗಳು ಮುಳುಗಿದ್ದವು. ನೀರು ಕುಡಿದ ಗಾಡಿಯ ವೈರಿಂಗ್ ತೊಂದರೆ ತಿಂಗಳುಗಳಾದ ಮೇಲೆ ಶುರುವಾಗುತ್ತದೆ.

ಗ್ಯಾರಂಟಿ ಅಂತ ಅವರು ಬಾಯಲ್ಲಿ ಹೇಳಿದ್ದನ್ನೆಲ್ಲ ಡೆಲಿವರಿ ನೋಟ್‌ನಲ್ಲಿ ಬರೆಸಿ. ಎಷ್ಟು ತಿಂಗಳು, ಯಾವ ಯಾವ ಭಾಗಕ್ಕೆ, ರಿಪೇರಿ ಉಡುಪಿಯಲ್ಲೋ ಬೆಂಗಳೂರಿನಲ್ಲೋ, ಟೋಯಿಂಗ್ ಖರ್ಚು ಯಾರದು ಅಂತ ಬಿಡಿಸಿ ಬರೆಸಿ. ಕೆಳಗೆ ಸಹಿ ಮತ್ತು ಸೀಲು ಹಾಕಿಸಿಕೊಂಡ ಮೇಲೆ ಹಣ ಕಳಿಸಿ.