ಜವಾರಿ ಅಂತ ಕೊಟ್ಟ ಕೋಳಿ ನಿಜವಾಗಿ ಜವಾರಿನಾ, ಗಿರಿರಾಜನಾ?

ನಿಮ್ಮ ಪ್ರಶ್ನೆ ಇಷ್ಟು: ಚಿತ್ತಾಪುರದ ಸಂತೆಯಲ್ಲಿ ಜವಾರಿ, ಅಂದರೆ ಊರ ನಾಟಿ ಕೋಳಿ, ಅಂತ ಹೇಳಿ ಕೋಳಿ ಕೊಟ್ಟರು. ಮನೆಗೆ ತಂದ ಮೇಲೆ ಒಬ್ಬರು ಇದು ಗಿರಿರಾಜ ಅಂದರು, ಇನ್ನೊಬ್ಬರು ವನರಾಜ ಅಂದರು. ಗುರುತು ಹಿಡಿಯೋದು ಹೇಗೆ? ನಾನು ಹುಮನಾಬಾದ್ ಕಡೆಯವನು, ಹಿತ್ತಲಲ್ಲಿ ಕೋಳಿ ಸಾಕುತ್ತೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಪುಕ್ಕದ ಬಣ್ಣ ನೋಡೋದು ಬಿಡಿ. ಜನ ಮೋಸ ಹೋಗೋದೇ ಅಲ್ಲಿ. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ. ವನರಾಜ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯದ್ದು. ಎರಡೂ ಹಿತ್ತಲಲ್ಲಿ ಸಾಕೋದಕ್ಕೆ ಅಂತಲೇ ಮಾಡಿದ್ದು, ಎರಡಕ್ಕೂ ಊರ ಕೋಳಿಯ ಹಾಗೆ ಬಣ್ಣಬಣ್ಣದ ಪುಕ್ಕ. ಬೀದರಿನಲ್ಲಿ ಮುಖ್ಯ ಕಚೇರಿ ಇರುವ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯ 2005ರಲ್ಲಿ ಹೊರತಂದ ಸ್ವರ್ಣಧಾರಾ ಕೋಳಿಗೂ ಬಣ್ಣದ ಪುಕ್ಕವೇ.

ಹಾಗಾದರೆ ಏನು ನೋಡಬೇಕು? ಕೋಳಿಯನ್ನು ಕೈಗೆತ್ತಿಕೊಳ್ಳಿ. ರೆಕ್ಕೆ ಸೇರಿಸಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಎದೆಯ ನಡುವಿನ ಮೂಳೆಯ ಮೇಲೆ ಆಡಿಸಿ. ಜವಾರಿ ಆದರೆ ಆ ಮೂಳೆ ಚೂಪಾಗಿ ಕೈಗೆ ಹತ್ತುತ್ತದೆ, ಎರಡೂ ಬದಿಗೆ ಮಾಂಸ ಕಡಿಮೆ. ಗಿರಿರಾಜ, ವನರಾಜದ ಎದೆ ಅಗಲ. ಮೂಳೆಯ ಎರಡೂ ಕಡೆ ಮಾಂಸ ತುಂಬಿ, ಬೆರಳಿಗೆ ಮೂಳೆ ಅಷ್ಟಾಗಿ ಚುಚ್ಚುವುದಿಲ್ಲ.

ಹುಂಜ ಆದರೆ ಇನ್ನೂ ಸುಲಭ. ಕಾಲಿನ ಹಿಂದೆ ಮುಳ್ಳು ಇರುತ್ತಲ್ಲ, ಅದನ್ನೂ ತೂಕವನ್ನೂ ಒಟ್ಟಿಗೆ ನೋಡಿ. ಜವಾರಿ ಹುಂಜ ನಿಧಾನಕ್ಕೆ ಬೆಳೆಯುತ್ತದೆ. ಎರಡು ಕೆಜಿ ಮುಟ್ಟುವಷ್ಟರಲ್ಲಿ ಅದಕ್ಕೆ ವಯಸ್ಸಾಗಿರುತ್ತದೆ, ಮುಳ್ಳು ಗಟ್ಟಿಯಾಗಿ ಉದ್ದ ಬಂದಿರುತ್ತದೆ. ತಕ್ಕಡಿಯಲ್ಲಿ ಎರಡು ಕೆಜಿ ಮೇಲೆ ತೂಗಿ, ಮುಳ್ಳಿನ ಜಾಗದಲ್ಲಿ ಬರೀ ಒಂದು ಸಣ್ಣ ಗಂಟು ಇದ್ದರೆ ಅದು ಎಳೇ ಗಿರಿರಾಜವೋ ವನರಾಜವೋ ಇರಬೇಕು. ಮಾರುವವನು ಬಾಯಲ್ಲಿ ಏನಾದರೂ ಹೇಳಲಿ, ಮುಳ್ಳು ಸುಳ್ಳು ಹೇಳುವುದಿಲ್ಲ.

ಕೊಕ್ಕನ್ನೂ ನೋಡಿ. ಮೇಲಿನ ಕೊಕ್ಕಿನ ತುದಿ ಮೊಂಡಾಗಿ ಕತ್ತರಿಸಿದಂತಿದ್ದರೆ ಅದು ಫಾರ್ಮಿನಿಂದ ಬಂದ ಹಕ್ಕಿ. ಒಂದನ್ನೊಂದು ಕುಕ್ಕದಿರಲಿ ಅಂತ ಅಲ್ಲಿ ತುದಿ ಸುಡುತ್ತಾರೆ. ಊರಲ್ಲಿ ತಿಪ್ಪೆ ಕೆದಕಿ ಬೆಳೆದ ಕೋಳಿಯ ಕೊಕ್ಕನ್ನು ಯಾರೂ ಸುಡುವುದಿಲ್ಲ. ಆಮೇಲೆ ಇಡೀ ಬುಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ. ಹತ್ತು ಕೋಳಿಗಳೂ ಒಂದೇ ಎತ್ತರ, ಒಂದೇ ತೂಕ ಇವೆ ಅಂದರೆ ಒಂದೇ ದಿನ ಮರಿಯಾಗಿ ಬಂದವು. ಜವಾರಿ ಬುಟ್ಟಿಯಲ್ಲಿ ಒಂದರ ಹಾಗೆ ಇನ್ನೊಂದು ಇರೋದಿಲ್ಲ. ಒಂದರ ಕಾಲು ಹಳದಿ, ಇನ್ನೊಂದರದು ಬೂದು.

ಈಗ ಗಿರಿರಾಜ ಮತ್ತು ವನರಾಜದ ವಿಷಯ. ನೇರವಾಗಿ ಹೇಳಿಬಿಡುತ್ತೇನೆ, ಇವೆರಡನ್ನು ಬರಿಗಣ್ಣಿನಲ್ಲಿ ಬೇರೆ ಮಾಡುವುದು ಕಷ್ಟ. ನೋಡಿದ ಕೂಡಲೇ ಹೇಳ್ತೀನಿ ಅನ್ನುವವರನ್ನು ನಾನು ನಂಬುವುದಿಲ್ಲ. ಮರಿ ಎಲ್ಲಿಂದ ಬಂತು ಅಂತ ಕೇಳಿ, ಅದೊಂದೇ ದಾರಿ. ಬೀದರ್ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಆದ್ದರಿಂದ ಮರಿ ಆ ಕಡೆಯಿಂದ ಬಂದಿದ್ದರೆ ವನರಾಜ ಅಥವಾ ಗ್ರಾಮಪ್ರಿಯ ಇರುವ ಸಾಧ್ಯತೆ ಜಾಸ್ತಿ. ಗ್ರಾಮಪ್ರಿಯ ಕೂಡ ರಾಜೇಂದ್ರನಗರದ್ದೇ, ಆದರೆ ಮೊಟ್ಟೆಗಾಗಿ ಮಾಡಿದ್ದು. ಮೈ ಹಗುರ, ಬಣ್ಣ ಕಂದು. ಜವಾರಿ ಹ್ಯಾಟಿ (ಹೆಣ್ಣು ಕೋಳಿ) ಅಂತ ಸಂತೆಯಲ್ಲಿ ಸಲೀಸಾಗಿ ಸಾಗಿಹೋಗುವುದು ಇದೇ. ಇದರ ಮೊಟ್ಟೆಯೂ ಕಂದು. ಹಾಗಾಗಿ ಕಂದು ಮೊಟ್ಟೆ ಅಂದರೆ ಜವಾರಿ ಅನ್ನುವ ಲೆಕ್ಕ ಹಿಡಿಯಬೇಡಿ.

ಕಡಕ್‌ನಾಥ್ ಬಗ್ಗೆಯೂ ಕೇಳಿದ್ದೀರಿ. ಅದು ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ, 2018ರಲ್ಲಿ ಅಲ್ಲಿನ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಪುಕ್ಕ ಕಪ್ಪಗಿದ್ದರೆ ಸಾಲದು. ಆಸ್ಟ್ರಲಾರ್ಪ್ ಅನ್ನುವ ವಿದೇಶಿ ತಳಿಯೂ ಕಡುಗಪ್ಪು, ನಮ್ಮ ಊರ ಕೋಳಿಗಳಲ್ಲೂ ಕಪ್ಪು ಸಾಕಷ್ಟಿವೆ. ಅವುಗಳ ಜುಟ್ಟು ಕೆಂಪು, ಪುಕ್ಕ ಸರಿಸಿದರೆ ಚರ್ಮ ಬಿಳಿ. ಕಡಕ್‌ನಾಥ್‌ಗೆ ಚರ್ಮವೂ ಕಪ್ಪು. ಬಾಯಿ ತೆರೆದು ನಾಲಿಗೆ ನೋಡಿ, ಕಾಲು ತಿರುವಿ ಅಂಗಾಲು ನೋಡಿ, ಅಲ್ಲೆಲ್ಲ ಕಪ್ಪು ಇರಬೇಕು. ಹುಂಜದ ಜುಟ್ಟಿಗೆ ನೇರಳೆ ಛಾಯೆ ಬರಬಹುದು, ಅದಕ್ಕೆ ಗಾಬರಿ ಬೇಡ. ಇನ್ನು ಕಪ್ಪು ಮೊಟ್ಟೆ ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ. ಅದರ ಮೊಟ್ಟೆ ತಿಳಿ ಕಂದು ಅಥವಾ ಕೆನೆ ಬಣ್ಣ.

ಕಾದಾಟಕ್ಕೆ ಹೆಸರಾದ ಅಸೀಲ್ ತಳಿಯ ಗುರುತು ಸುಲಭ. ಕತ್ತು ಉದ್ದ, ನಿಲುವು ನೆಟ್ಟಗೆ, ಜುಟ್ಟು ಗಿಡ್ಡಗೆ ತಲೆಗೆ ಅಂಟಿಕೊಂಡಂತೆ, ಗದ್ದದ ಕೆಳಗೆ ಜೋತಾಡುವ ಕೆಂಪು ತೊಗಲು ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು.

ಮರಿ ಕೊಳ್ಳುವಾಗ ಮಾತ್ರ ಈ ಗುರುತುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರುವುದಿಲ್ಲ. ಒಂದು ದಿನದ ಮರಿಗೆ ಮುಳ್ಳೂ ಇಲ್ಲ, ಎದೆಯೂ ಇಲ್ಲ. ಸರ್ಕಾರಿ ಕೋಳಿ ಸಾಕಣೆ ಕೇಂದ್ರದಿಂದಲೋ ಪರಿಚಯದ ಹ್ಯಾಚರಿಯಿಂದಲೋ ರಸೀದಿ ಸಮೇತ ತನ್ನಿ. ರಸ್ತೆ ಬದಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳ ಆಸೆ ಬೇಡ. ಅವು ಹೆಚ್ಚಾಗಿ ಮೊಟ್ಟೆ ಕೋಳಿಯ ಗಂಡು ಮರಿಗಳು, ಹ್ಯಾಚರಿಯವರು ಬೇಡ ಅಂತ ತಳ್ಳಿದವು.

ನೀವು ಮನೆಯಲ್ಲೇ ಮರಿ ಮಾಡಿಸಬೇಕು ಅಂತ ಬರೆದಿದ್ದೀರಿ. ಅದಕ್ಕೆ ಜವಾರಿ ಹ್ಯಾಟಿಯೇ ಬೇಕು. ಗಿರಿರಾಜ, ವನರಾಜ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಅವುಗಳ ಮೊಟ್ಟೆಯನ್ನು ಜವಾರಿಯ ಕೆಳಗಿಟ್ಟು ಮರಿ ತೆಗೆಯಬಹುದು. ಆದರೆ ಅವು ಬೇರೆ ಬೇರೆ ತಳಿಸಾಲು ಕೂಡಿಸಿ ಮಾಡಿದ ಕೋಳಿಗಳು. ಮುಂದಿನ ಪೀಳಿಗೆಯಲ್ಲಿ ಆ ಬೆಳವಣಿಗೆ, ಆ ಮೊಟ್ಟೆ ಲೆಕ್ಕ ಹಾಗೇ ಉಳಿಯುವುದಿಲ್ಲ. ತಿನ್ನುವುದಕ್ಕಾದರೆ ಗಿರಿರಾಜ ತಂದು ಬೆಳೆಸಿ, ಹಿಂಡು ಹೆಚ್ಚಿಸುವುದಕ್ಕಾದರೆ ಊರಲ್ಲಿ ಯಾರ ಮನೆಯ ಹ್ಯಾಟಿ ಮರಿ ಹಾಕಿಕೊಂಡು ಓಡಾಡುತ್ತಿದೆ ನೋಡಿ, ಅವರ ಹತ್ತಿರ ಕೇಳಿ.