ಎರಡು ವರ್ಷದ ಉಸಿರಿನ ಲೆಕ್ಕ

ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ ರೇಡಾನ್ (ಮಣ್ಣಿಂದ ಬರುವ ವಿಕಿರಣಶೀಲ ಅನಿಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕ್ಯಾನ್ಸರ್ ತರಬಹುದು) ಲೀಟರ್ ಗಾಳಿಗೆ 9 ಪಿಕೋಕ್ಯೂರಿ (ವಿಕಿರಣದ ಅಳತೆ) ಬಂದಿದೆ, ಎರಡು ವರ್ಷದಿಂದ ಅಲ್ಲೇ ಕೂತು ಕೆಲಸ ಮಾಡಿದ್ದೀರಿ, ಅಮ್ಮ ಬಂದಾಗ ಆರು ತಿಂಗಳು ಅಲ್ಲೇ ಮಲಗಿದ್ದರು. ಒಳಗೆ ಎಷ್ಟು ಹೋಗಿದೆ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ ಅಂತ ಕೇಳಿದ್ದೀರಿ.

ಆಗಲ್ಲ. ರೇಡಾನ್ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಒಡೆದು ಬೇರೆ ವಸ್ತುವಾಗಲು ಬೇಕಾದ ಸಮಯ, 3.8 ದಿನ ಅಷ್ಟೇ. ಗಣಿ ಕಾರ್ಮಿಕರ ತಲೆಬುರುಡೆಯಲ್ಲಿ ಅದರ ಮರಿ (ರೇಡಾನ್ ಒಡೆದು ಹುಟ್ಟುವ ವಸ್ತು) ಸೀಸ-210 ಅಳೆದದ್ದುಂಟು, ಆದರೆ ಅದು ಡಾಕ್ಟರು ಚೀಟಿ ಬರೆದುಕೊಡುವ ಪರೀಕ್ಷೆಯಲ್ಲ.

ನಾನು ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದ ಹೊಸದರಲ್ಲಿ ಇದರ ಹೆಸರೂ ಕೇಳಿರಲಿಲ್ಲ. ನಮ್ಮೂರು ಸಾಗರದ ಮನೇಲಿ ಹೆಂಚಿನ ಸಂದಿ, ತೆರೆದ ಕಿಟಕಿ. ಗಾಳಿ ನಿಲ್ಲೋದೇ ಇಲ್ಲ. ಇಲ್ಲಿ ಹಿಮನದಿಗಳು ತಂದು ಸುರಿದ ಮಣ್ಣಿನಲ್ಲೇ ಯುರೇನಿಯಂ ಇದೆ, ರೇಡಾನ್ ಹುಟ್ಟೋದು ಅದರಿಂದಲೇ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಹೀಟರ್ ಹಾಕಿದರೆ ಬಿಸಿ ಗಾಳಿ ಮೇಲೆ ಹೋಗುತ್ತೆ, ಮನೆ ಕೆಳಗಿನ ಮಣ್ಣಿಂದ ಗಾಳಿ ಹೀರುತ್ತೆ. ನೀವು ಅಳೆದದ್ದು ಜನವರಿಯಲ್ಲಿ, ನಾಲ್ಕೇ ದಿನ. ವರ್ಷದ ಸರಾಸರಿ ಅದಕ್ಕಿಂತ ಕಡಿಮೆ ಇರೋ ಸಾಧ್ಯತೆಯೇ ಹೆಚ್ಚು.

ಇನ್ನೊಂದು, 9 ಅನ್ನೋದು ಕೋಣೆಯ ಅಂಕಿ, ನಿಮ್ಮದಲ್ಲ. ಬೇಸ್‌ಮೆಂಟಿನಲ್ಲಿ 8 ಗಂಟೆ, ಮೇಲೆ 8 ಗಂಟೆ (ಅಲ್ಲಿ 5 ಅಂತಿಟ್ಟುಕೊಳ್ಳಿ), ಉಳಿದ 8 ಗಂಟೆ ಹೊರಗೆ (ಅಲ್ಲಿ ಅರ್ಧ, ಅಂದರೆ 0.5) ಅಂದುಕೊಂಡರೆ, 72, 40, 4 ಸೇರಿಸಿ 24ರಿಂದ ಭಾಗಿಸಿ: 4.8. ಇದೂ ಅಮೆರಿಕದ ಪರಿಸರ ಸಂಸ್ಥೆ ಇ.ಪಿ.ಎ. ಹೇಳುವ 4 ಪಿಕೋಕ್ಯೂರಿಯ ಗಡಿ ದಾಟಿದೆ, ಆದರೆ 9 ಅಲ್ಲ. ಅಯೋವಾದ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನದವರು (2000ದಲ್ಲಿ ಪ್ರಕಟವಾಯಿತು) ಒಂದೇ ಮನೆಯಲ್ಲಿ 20 ವರ್ಷ ಇದ್ದ ಹೆಂಗಸರನ್ನೇ ಹುಡುಕಿ, ಮನೆಯ ಮಹಡಿ ಮಹಡಿಯಲ್ಲೂ ಅಳೆದು, ಯಾರು ಎಲ್ಲಿ ಎಷ್ಟು ಹೊತ್ತು ಇದ್ದರು ಅಂತ ಕೇಳಿ ಬರೆದುಕೊಂಡದ್ದು ಇದಕ್ಕೇ.

ಹಳೆಯದನ್ನು ನೆನಪಿಟ್ಟುಕೊಳ್ಳೋದು ಗಾಜು. ನಮ್ಮ ಮನೆ ಹಜಾರದಲ್ಲಿ ಗಾಜು ಹಾಕಿದ ಅತ್ತೆ ಮಾವನ ಫೋಟೋ ಇದೆ, ಮೂರು ಮನೆ ಬದಲಾಯಿಸಿದಾಗಲೂ ಜೊತೆಗೆ ಬಂದಿದೆ. ರೇಡಾನ್ ಮರಿಗಳು ಗಾಜಿನ ಮೇಲೆ ಕೂತು ಒಡೆದಾಗ, ಆ ಹೊಡೆತಕ್ಕೆ ಸೀಸ-210 ಗಾಜಿನೊಳಗೆ ಹೊಕ್ಕು ಸಿಕ್ಕಿಕೊಳ್ಳುತ್ತೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಬಟ್ಟೆ ಒರೆಸಿದರೆ ಹೋಗಲ್ಲ. ಅದರಿಂದ ಹುಟ್ಟುವ ಪೊಲೋನಿಯಂ-210 ಹೊರಚಿಮ್ಮಿಸುವ ಆಲ್ಫಾ ಎಂಬ ವಿಕಿರಣ ಕಣಗಳನ್ನು ಗಾಜಿಗೆ ಪ್ಲಾಸ್ಟಿಕ್ ತುಂಡು ಅಂಟಿಸಿ ಎಣಿಸ್ತಾರೆ. ಫೋಟೋ ಕಟ್ಟಿಸಿದ ವರ್ಷ ಗೊತ್ತಿರಬೇಕು, ಮನೇಲಿ ಸಿಗರೇಟು ಹೊಗೆ ಇದ್ದರೆ ಲೆಕ್ಕ ಏರುಪೇರು. ಸಂಶೋಧಕರಿಗೆ ಸರಿ, ಎರಡು ವರ್ಷಕ್ಕೆ ನಿಮಗೆ ಬೇಕಾಗಿಲ್ಲ.

ಅಮ್ಮನ ಆರು ತಿಂಗಳ ಬಗ್ಗೆ ನಿದ್ದೆ ಕೆಡಿಸ್ಕೋಬೇಡಿ, ಇದು ವರ್ಷಗಟ್ಟಲೆ ಉಸಿರಾಡಿದವರಿಗೆ ಕಾಡುವ ಅಪಾಯ. ನೀವು ಸಿಗರೇಟು ಸೇದುವವರಾಗಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ. ಎರಡೂ ಸೇರಿದರೆ ಅಪಾಯ ಬಹಳ ಹೆಚ್ಚು. ಮೇಲೊಂದು, ಕೆಳಗೊಂದು, ವರ್ಷವಿಡೀ ರೇಡಾನ್ ಅಳೆಯುವ ಡಿಟೆಕ್ಟರ್ ಇಡಿ. ನೆಲ ಕೊರೆದು, ಮಣ್ಣಿನ ಗಾಳಿಯನ್ನು ಹೊರಗೆ ಎಳೆಯುವ ಪೈಪು, ಫ್ಯಾನು ಹಾಕಿಸಿ ಅಂತ ಮನೆ ಓನರಿಗೆ ಬರವಣಿಗೆಯಲ್ಲೇ ಕೇಳಿ. ಮೇಜನ್ನಂತೂ ಈ ಶನಿವಾರವೇ ಮೇಲೆ ಸಾಗಿಸಿ. ಭಾರ ಇದ್ದರೆ ಹೇಳಿ, ನಾವು ಬರ್ತೀವಿ.