ಎರಡು ಮಕ್ಕಳಿಗೆ ಡಬಲ್ ಸ್ಟ್ರಾಲರ್: ಅಕ್ಕಪಕ್ಕದ ಸೀಟಿನದೋ, ಹಿಂದೆಮುಂದಿನದೋ?

ದೊಡ್ಡವನಿಗೆ ಎರಡೂಕಾಲು ವರ್ಷ, ಇನ್ನೊಂದು ಮಗು ಎರಡು ತಿಂಗಳಲ್ಲಿ ಬರುತ್ತದೆ, ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್, ಇಬ್ಬರನ್ನೂ ಕೂರಿಸಿ ತಳ್ಳುವ ಗಾಡಿ ಯಾವ ಥರದ್ದು ತಗೊಳ್ಳಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ರಾತ್ರಿ ಒಂದು ಗಂಟೆಗೆ ಇದನ್ನೇ ಹುಡುಕುತ್ತಿದ್ದೆ.

ಅಕ್ಕಪಕ್ಕದ್ದೇ ತರಿಸಿದೆ. ಒಬ್ಬರ ಬೆನ್ನು ನೋಡಿಕೊಂಡು ಇನ್ನೊಬ್ಬರು ಯಾಕೆ ಕೂರಬೇಕು ಅಂತ ನನ್ನ ವಾದ. ಅಗಲ 76 ಸೆಂಟಿಮೀಟರ್, ತೂಕ 14 ಕೆಜಿ. ಅಳತೆ ನೋಡದೆ ತಗೊಂಡೆ ಅಂದುಕೊಳ್ಳಬೇಡಿ. ಮನೆ ಬಾಗಿಲಿಗೆ ಟೇಪು ಹಿಡಿದೆ, 90. ಲಿಫ್ಟಿನೊಳಗೆ ನಿಂತು ಗೋಡೆಯಿಂದ ಗೋಡೆಗೆ ಹಿಡಿದೆ, 110. ಆರಾಮಾಗಿ ಹೋಗುತ್ತದೆ ಅಂದುಕೊಂಡೆ.

ಲಿಫ್ಟಿನ ಬಾಗಿಲು ಮಾತ್ರ ಅಳೆಯಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ನನ್ನ ದುಡ್ಡು ಮುಳುಗಿದ್ದು ಇಲ್ಲೇ. ಲಿಫ್ಟಿನ ಪೆಟ್ಟಿಗೆ ಬೇರೆ, ಬಾಗಿಲು ಬೇರೆ. ಬಾಗಿಲು ಪೂರ್ತಿ ಸರಿದ ಮೇಲೆ ಎಷ್ಟು ಜಾಗ ಉಳಿಯುತ್ತದೋ ಅಷ್ಟೇ ಲೆಕ್ಕ. ನಮ್ಮದು ಆರು ಜನರ ಲಿಫ್ಟು, ಉಳಿಯುವುದು 70. ಬರೀ ಆರು ಸೆಂಟಿಮೀಟರ್ ಸಾಲದು! ಇನ್ನೊಂದು ವಿಷಯ. ಗಾಡಿಯ ಅಗಲವನ್ನೂ ಸೀಟಿನ ಹತ್ತಿರ ಅಳೆಯಬೇಡಿ. ಬಗ್ಗಿ, ಹಿಂದಿನ ಎರಡು ಚಕ್ರಗಳ ಹೊರಗಡೆಯಿಂದ ಹೊರಗಡೆಗೆ ಅಳೆಯಿರಿ. ಎಷ್ಟೋ ಗಾಡಿಗಳು ಅಲ್ಲೇ ಜಾಸ್ತಿ ಅಗಲ ಇರುತ್ತವೆ. ಹಾಗಾದರೆ ಹಿಂದೆಮುಂದಿನದು ತಗೊಂಡರಾಯಿತಲ್ಲ ಅಂತೀರಾ? ಬಾಗಿಲಲ್ಲಿ ನುಗ್ಗುತ್ತದೆ ನಿಜ. ಆದರೆ ನಮ್ಮ ಲಿಫ್ಟಿನ ಆಳ 100. ಅಷ್ಟುದ್ದದ ಗಾಡಿ ಒಳಗೆ ಹೋದರೆ ತಳ್ಳುವವರು ಎಲ್ಲಿ ನಿಲ್ಲಬೇಕು?

ಇದೆಲ್ಲ ಗೊತ್ತಾಗಿದ್ದು ಐದು ತಿಂಗಳಾದ ಮೇಲೆ. ಮಗು ಹುಟ್ಟುವ ಮುಂಚೆ ಅದರ ಸಾಮಾನು ಬಿಚ್ಚಬಾರದು ಅಂತ ಅಮ್ಮ ಹೇಳಿದ್ದಕ್ಕೆ ಡಬ್ಬ ಅಟ್ಟ ಸೇರಿತ್ತು. ಬಾಣಂತನ ಮುಗಿಸಿ ವಾಪಸ್ ಬಂದು ಬಿಚ್ಚುವಷ್ಟರಲ್ಲಿ ಹಿಂದಿರುಗಿಸುವ ಗಡುವು ಯಾವತ್ತೋ ಮುಗಿದಿತ್ತು. ಅಮ್ಮನನ್ನು ದೂರುವುದಿಲ್ಲ. ಟೇಪು ಹಿಡಿದವಳು ನಾನೇ.

ಆಮೇಲೆ ದಿನಾ ಒಂದೇ ಸರ್ಕಸ್. ಚಿಕ್ಕದು ಹೆಗಲ ಮೇಲೆ, ದೊಡ್ಡವನ ಕೈ ನನ್ನ ಕುರ್ತಾದ ತುದಿಯಲ್ಲಿ, ನಾನು ಒಂದು ಕಾಲಲ್ಲಿ ಗಾಡಿಯ ಲಾಕ್ ಒತ್ತಿ ಮಡಚಬೇಕು. ಒಂದು ಸಂಜೆ ಹೀಗೇ ಮಡಚುತ್ತಿದ್ದಾಗ ಕುರ್ತಾ ಹಗುರಾಯಿತು. ತಿರುಗಿ ನೋಡಿದರೆ ಇವನು ಲಿಫ್ಟಿನೊಳಗಿದ್ದಾನೆ, ಬಾಗಿಲು ಮುಚ್ಚುತ್ತಿದೆ. ನಾಲ್ಕು ಮಹಡಿ ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಕೆಳಗೆ ಸೆಕ್ಯೂರಿಟಿಯವರ ಕುರ್ಚಿಯಲ್ಲಿ ಕೂತು ಅವರ ಟೀಗೆ ಬಿಸ್ಕತ್ತು ಅದ್ದುತ್ತಿದ್ದ. ಗಾಡಿ ಮೇಲೇ ಬಿದ್ದಿತ್ತು, ಯಾರಿಗೆ ಬೇಕು.

ಕಾರಿನ ಡಿಕ್ಕಿಯಲ್ಲಿ ಹಾಕೋಣ ಅಂದರೆ ಅರ್ಧ ಜಾಗ ಸಿಎನ್‌ಜಿ ಸಿಲಿಂಡರಿಗೆ. ಫುಟ್‌ಪಾತ್ ಅಂತೂ ಕೇಳಲೇಬೇಡಿ. ಬೈಕ್ ಹತ್ತಬಾರದು ಅಂತ ನಿಲ್ಲಿಸಿದ ಕಂಬಗಳು, ಟ್ರಾನ್ಸ್‌ಫಾರ್ಮರ್, ಅಲ್ಲಾಡುವ ಚಪ್ಪಡಿ. ಒಟ್ಟು ನೆಮ್ಮದಿಯಾಗಿ ತಳ್ಳಿದ್ದು ಎರಡು ಸಲ, ಎರಡೂ ಕಬ್ಬನ್ ಪಾರ್ಕಿನಲ್ಲಿ, ಭಾನುವಾರ ಅಲ್ಲಿ ವಾಹನ ಬಿಡುವುದಿಲ್ಲವಲ್ಲ ಆಗ.

ಅದಕ್ಕೇ ನನ್ನನ್ನು ಕೇಳಿದರೆ ಎರಡರಲ್ಲಿ ಯಾವುದೂ ಬೇಡ. ಬೈದುಕೊಳ್ಳಿ ಪರವಾಗಿಲ್ಲ. ಹಸುಗೂಸಿಗೆ ಪೂರ್ತಿ ಮಲಗಿಸುವ ಸೀಟು ಬೇಕು, ಕೂರಿಸುವ ಹಾಗಿಲ್ಲ. ಅದು ಎದ್ದು ಕೂರುವ ಹೊತ್ತಿಗೆ ನಿಮ್ಮ ದೊಡ್ಡವನು ಮೂರಕ್ಕೆ ಬಂದಿರುತ್ತಾನೆ. ಆಗ ಸೀಟು ಅವನಿಗೆ ಬೇಡ, ಹ್ಯಾಂಡಲ್ ಬೇಕು. "ನಾನೇ ತಳ್ತೀನಿ" ಅಂತ ರಸ್ತೆ ಮಧ್ಯ ರಂಪ. ಇಬ್ಬರೂ ಸಮಾಧಾನವಾಗಿ ಒಟ್ಟಿಗೆ ಕೂರುವ ಕಾಲ ಕೆಲವೇ ತಿಂಗಳು, ಅದರಲ್ಲೂ ಅರ್ಧ ಒಬ್ಬರ ಕೂದಲು ಒಬ್ಬರು ಎಳೆಯುವುದರಲ್ಲೇ ಹೋಗುತ್ತದೆ.

ಪೂರ್ತಿ ಮಲಗಿಸಬಹುದಾದ, ಹಗುರವಾದ ಒಂದೇ ಸೀಟಿನದು ತಗೊಳ್ಳಿ. ಈಗ ದೊಡ್ಡವನಿಗೆ, ಆಮೇಲೆ ಚಿಕ್ಕದಕ್ಕೆ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಒಳ್ಳೆಯ ಬೇಬಿ ಕ್ಯಾರಿಯರ್ ಇರಲಿ. ಮುಖ ಯಾವಾಗಲೂ ನಿಮಗೆ ಕಾಣುತ್ತಿರಬೇಕು, ಗಲ್ಲ ಅದರ ಎದೆಗೆ ಒತ್ತಿಕೊಂಡಿರಬಾರದು, ಉಸಿರಾಟಕ್ಕೆ ತೊಂದರೆ. ಅವಳಿ ಮಕ್ಕಳಾಗಿದ್ದರೆ ನನ್ನ ಮಾತೇ ಬೇರೆ ಇರುತ್ತಿತ್ತು. ನಿಮ್ಮದು ಅವಳಿ ಅಲ್ಲ ತಾನೆ?

ನಮ್ಮ ಗಾಡಿ ಈಗ ಬಾಲ್ಕನಿಯಲ್ಲಿದೆ. ಒಂದು ಸೀಟಿನಲ್ಲಿ ಬಟ್ಟೆ ಕ್ಲಿಪ್ಪಿನ ಬುಟ್ಟಿ, ಇನ್ನೊಂದರಲ್ಲಿ ಈರುಳ್ಳಿ. ಇಷ್ಟು ಹೇಳಿದ ಮೇಲೂ ಡಬಲ್ಲೇ ಬೇಕು ಅಂದರೆ ದುಡ್ಡು ಕೊಡಬೇಡಿ, ಸುಮ್ನೆ ಬಂದು ಇದನ್ನೇ ಒಯ್ಯಿರಿ. ಈರುಳ್ಳಿ ಬಿಟ್ಟು.